ಒಡೆದ ಒತ್ತಕ್ಷರ: ತಂತ್ರಾಂಶವನ್ನು ಕಟ್ಟುವಾಗ ಮಾಡುವ ಆಯ್ಕೆಗಳು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವೆಂಬ ಊರು ಸಿಕ್ಕುವುದು. ಅಲ್ಲಿಯ ಕೆಂಪು ಬಾಳೆ ನಾಡಿನಲ್ಲೆಲ್ಲ ಹೆಸರಾದುದು; ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಅದು ಪಡೆದಿದೆ. ಹೀಗೆ ಮಾನ್ಯತೆ ಪಡೆದ ಬೆಳೆಗೆ ಅದರ ಹೆಸರೇ ಒಂದು ಆಸ್ತಿ. ಆ ಹೆಸರು ಬುಟ್ಟಿಯ ಮೇಲೆ ವಿಕಾರವಾಗಿ ಅಚ್ಚಾಗಿದ್ದರೆ, ಒಳಗಿನ ಹಣ್ಣು ಎಷ್ಟೇ ಸೊಗಸಾಗಿದ್ದರೂ, ಕೊಳ್ಳುವವನಿಗೆ ಇದು ಅಸಲೋ ನಕಲೋ ಎಂಬ ಸಂದೇಹ ಬರುವುದು ಸಹಜ.

ಕಮಲಾಪುರದ ರೈತರೊಬ್ಬರ ಮಗಳು ಕಲಬುರಗಿಯ ಕಾಲೇಜೊಂದರಲ್ಲಿ ಓದುತ್ತಿರುವಳೆಂದು ಊಹಿಸಿಕೊಳ್ಳೋಣ. ಬುಟ್ಟಿಗಳಿಗೆ ಅಂಟಿಸುವ ಚೀಟಿಗಳನ್ನು ಕಂಪ್ಯೂಟರಿನಿಂದಲೇ ತಯಾರಿಸಬೇಕೆಂದು ಅವಳು ಹೊರಟಳು. ತೂಕವನ್ನೂ ದಿನಾಂಕವನ್ನೂ ಕೊಟ್ಟರೆ ಸಾಕು, ಚೀಟಿಯ ಚಿತ್ರ ತಾನಾಗಿಯೇ ಸಿದ್ಧವಾಗುವಂತೆ ನಾಲ್ಕಾರು ಸಾಲುಗಳ ಆಜ್ಞೆಯನ್ನು ಬರೆದಳು. ಚಿತ್ರ ಬಿಡಿಸುವ ಕೆಲಸಕ್ಕೆ ಇಮೇಜ್‌ಮ್ಯಾಜಿಕ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಿದಳು. ಕಾಲೇಜಿನ ಪ್ರಯೋಗಶಾಲೆಯ ಲಿನಕ್ಸ್ ಯಂತ್ರದಲ್ಲಿ ‘ಕಮಲಾಪುರದ ಕೆಂಪು ಬಾಳೆಹಣ್ಣು, ಕರ್ನಾಟಕ’ ಎಂದು ಚೀಟಿ ಚೆನ್ನಾಗಿ ಮೂಡಿತು. ಮನೆಯಲ್ಲಿ ತಾನೇ ಅಣಿಗೊಳಿಸಿದ್ದ ಯಂತ್ರದಲ್ಲಿ ಅದೇ ಆಜ್ಞೆಯನ್ನು ನಡೆಸಿದಾಗಲಾದರೋ ‘ಹಣ್ಣು’ ಎಂಬುದು ‘ಹಣ್‌ಣು’ ಆಯಿತು, ‘ಕರ್ನಾಟಕ’ವು ‘ಕರ್‌ನಾಟಕ’ವಾಯಿತು, ‘ಕೆಂಪು’ವಿನ ಎತ್ವವು ಅಕ್ಷರದಿಂದ ಕಳಚಿ ಪಕ್ಕದಲ್ಲಿ ನಿಂತಿತು.

ಅವಳು ಕಾಗುಣಿತವನ್ನು ಪರೀಕ್ಷಿಸಿದಳು, ತಪ್ಪಿಲ್ಲ. ಅಕ್ಷರರೂಪದ ಕಡತವನ್ನು, ಎಂದರೆ ಫಾಂಟನ್ನು, ಹೋಲಿಸಿ ನೋಡಿದಳು. ಎರಡೂ ಕಡೆ ಒಂದೇ. ತಂತ್ರಾಂಶದ ಹೆಸರೂ ಆವೃತ್ತಿಯೂ ಒಂದೇ. ಹಾಗಾದರೆ ದೋಷವೆಲ್ಲಿ? ಇದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ, ತಂತ್ರಾಂಶವು ಹೇಗೆ ಹುಟ್ಟುತ್ತದೆ, ಹುಟ್ಟುವ ಗಳಿಗೆಯಲ್ಲಿ ಅದಕ್ಕೆ ಯಾವ ಯಾವ ಶಕ್ತಿಗಳನ್ನು ಕೊಡಬಹುದು ಅಥವಾ ತಡೆಹಿಡಿಯಬಹುದು ಎಂಬ ಸ್ವಾರಸ್ಯವಾದ ವಿಷಯ ನಮಗೆ ತಿಳಿದುಬರುವುದು.

ಅಕ್ಷರ ಮೂಡುವ ಬಗೆ

ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ, 1991ರಲ್ಲಿ ಹೊರಬಂದ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ನಮ್ಮ ಲಿಪಿಗೆ ಅದು 128 ಮನೆಗಳನ್ನು ಮೀಸಲಿಟ್ಟಿದೆ. ಆದರೆ ಒತ್ತಕ್ಷರಗಳಿಗೆ ಅಲ್ಲಿ ಬೇರೆ ಮನೆಗಳಿಲ್ಲ. ‘ಹಣ್ಣು’ ಎಂಬ ಮಾತು ಹಕಾರ, ಣಕಾರ, ವಿರಾಮಚಿಹ್ನೆಯಾದ ಹಲಂತ, ಮತ್ತೆ ಣಕಾರ, ಉತ್ವ ಎಂಬ ಐದು ಸಂಖ್ಯೆಗಳ ಸಾಲಾಗಿ ಸ್ಮೃತಿಯಲ್ಲಿರುವುದು. ಈ ಐದನ್ನು ಓದಿ, ‘ಹಲಂತದ ಮುಂದೆ ವ್ಯಂಜನ ಬಂದಿರುವುದರಿಂದ ಎರಡನೆಯ ಣಕಾರವನ್ನು ಒತ್ತಾಗಿ ಕೆಳಗೆ ಬರೆಯಬೇಕು’ ಎಂದು ಯಾರಾದರೂ ನಿರ್ಧರಿಸಬೇಕು.

‘ಕರ್ನಾಟಕ’ದಲ್ಲಿ ತೊಡಕು ಇನ್ನೂ ಹೆಚ್ಚು. ಉಚ್ಚಾರದಲ್ಲಿಯೂ ಸ್ಮೃತಿಯಲ್ಲಿಯೂ ರಕಾರ ಮೊದಲು, ನಾಕಾರ ಅನಂತರ. ಬರಹದಲ್ಲಿ ಮಾತ್ರ ಅರ್ಕಾವತ್ತು ‘ನಾ’ ಆದ ಮೇಲೆ ಬರುವುದು. ಎಂದರೆ ಯಂತ್ರವು ಅಕ್ಷರಗಳ ಸ್ಥಾನವನ್ನೇ ಅದಲುಬದಲು ಮಾಡಬೇಕು. ಹೀಗೆ ಸಂಖ್ಯೆಗಳ ಸಾಲನ್ನು ಸರಿಯಾದ ರೂಪಗಳ ಸಾಲಾಗಿ ಜೋಡಿಸುವ ಕೆಲಸಕ್ಕೆ ಅಕ್ಷರಸಂಯೋಜನೆ ಎನ್ನೋಣ. ಇಂಗ್ಲಿಷಿಗೆ ಇದರ ಅಗತ್ಯ ಅಷ್ಟಾಗಿ ಇಲ್ಲ. ಒಂದರ ಪಕ್ಕಕ್ಕೆ ಒಂದನ್ನು ಇಡುತ್ತ ಹೋದರೆ ಸಾಕು. ಕನ್ನಡಕ್ಕಾದರೋ ಇದು ಪ್ರಾಣ.

ಲಿನಕ್ಸಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುವುದು. ಲೈಬ್ರರಿ ಎಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಭಾಗ. ಹಾರ್ಫ್‌ಬಜ್‌ನ ನೆರವನ್ನು ಸುಲಭವಾಗಿ ಪಡೆಯಲು ರಕ್ಮ್ ಮತ್ತು ಪಾಂಗೋ ಎಂಬ ಇನ್ನೆರಡು ಲೈಬ್ರರಿಗಳಿವೆ. ಹೆಸರುಗಳು ವಿಚಿತ್ರವೆಂದು ತೋರಬಹುದು. ‘ಹರ್ಫ್’ ಎಂದರೆ ಅಕ್ಷರ. ‘ರಕ್ಮ್’ ಎಂದರೆ ಅರಬ್ಬಿಯಲ್ಲಿ ಬರಹ, ಅಂಕಿ. ನಮ್ಮ ಲೆಕ್ಕಪತ್ರಗಳಲ್ಲಿ ಬರುವ ‘ರಕಮು’ ಇದೇ ಮೂಲದ ಮಾತು. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಕಲಬುರಗಿಯ ಜನರಿಗೆ ಇಂಥ ಶಬ್ದಗಳು ಪರಕೀಯವಲ್ಲ. ಪಾಂಗೋ ಎಂಬುದು ‘ಎಲ್ಲ’ ಎಂಬ ಗ್ರೀಕ್ ಪದವನ್ನೂ ‘ಭಾಷೆ’ ಎಂಬ ಜಪಾನೀ ಪದವನ್ನೂ ಕೂಡಿಸಿ ಮಾಡಿದ ಹೆಸರು.

ಈಗ ಮುಖ್ಯ ಸಂಗತಿಗೆ ಬರೋಣ. ಇಮೇಜ್‌ಮ್ಯಾಜಿಕ್‌ಗೆ ರಕ್ಮ್ ಆಗಲಿ ಪಾಂಗೋ ಆಗಲಿ ಇರಲೇಬೇಕೆಂಬ ನಿಯಮವಿಲ್ಲ. ಅವು ಐಚ್ಛಿಕ ಸೌಲಭ್ಯಗಳು. ಅವಿಲ್ಲದೆಯೂ ತಂತ್ರಾಂಶ ಸಿದ್ಧವಾಗುವುದು, ನಡೆಯುವುದು, ದೂರನ್ನೂ ಹೇಳುವುದಿಲ್ಲ. ಅಕ್ಷರಗಳನ್ನು ಮಾತ್ರ ಒಂದರ ಪಕ್ಕಕ್ಕೆ ಒಂದಾಗಿ ಇಡುತ್ತ ಹೋಗುವುದು.

ಹಿಟ್ಟೂ ರೊಟ್ಟಿಯೂ

ತಂತ್ರಾಂಶವನ್ನು ಮನುಷ್ಯರು ಬರೆಯುವ ರೂಪ ಒಂದು, ಯಂತ್ರವು ನಡೆಸುವ ರೂಪ ಇನ್ನೊಂದು. ಮನುಷ್ಯರು ಓದಬಲ್ಲ ಮೊದಲನೆಯ ರೂಪಕ್ಕೆ ಸೋರ್ಸ್ ಕೋಡ್, ಎಂದರೆ ಮೂಲ ಬರಹ, ಎಂದು ಹೆಸರು. ಅದನ್ನು ಯಂತ್ರದ ಭಾಷೆಗೆ ಪರಿವರ್ತಿಸುವುದೇ ಕಂಪೈಲ್ ಮಾಡುವುದು. ಪರಿವರ್ತಿಸುವ ಸಾಧನವೇ ಕಂಪೈಲರ್. ಮೂಲ ಬರಹವು ಹಿಟ್ಟಿನಂತೆ, ಕಂಪೈಲ್ ಆದ ತಂತ್ರಾಂಶವು ಬೆಂದ ರೊಟ್ಟಿಯಂತೆ.

ಕಲಬುರಗಿಯ ಮಾರುಕಟ್ಟೆಯಲ್ಲಿ ಕಟ್ಟುಕಟ್ಟಾಗಿ ಕಡಕ್ ರೊಟ್ಟಿ ಸಿಕ್ಕುವುದು, ತಂದು ತಿನ್ನಬಹುದು. ಮನೆಯಲ್ಲಿ ಹಿಟ್ಟು ನಾದಿ, ತಟ್ಟಿ, ಬೇಯಿಸಿಕೊಳ್ಳಲೂಬಹುದು. ಲಿನಕ್ಸಿನಲ್ಲಿಯೂ ಹೀಗೆಯೇ ಎರಡು ದಾರಿಗಳಿವೆ. ಡೆಬಿಯನ್, ಉಬುಂಟು, ಫೆಡೋರಾ ಮೊದಲಾದ ವಿತರಣೆಗಳು ಕಂಪೈಲ್ ಮಾಡಿದ ತಂತ್ರಾಂಶವನ್ನು ಸಿದ್ಧ ಪ್ಯಾಕೇಜುಗಳಾಗಿ ಕೊಡುತ್ತವೆ. ಮೂಲ ಬರಹವೂ ಎಲ್ಲರಿಗೂ ದೊರೆಯುವುದರಿಂದ, ಬೇಕೆಂದವರು ತಾವೇ ಕಂಪೈಲ್ ಮಾಡಿಕೊಳ್ಳಬಹುದು.

ಸಂಕ್ರಾಂತಿಯ ಕಾಲಕ್ಕೆ ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಮಾಡುವರು. ಎಳ್ಳನ್ನು ಹಚ್ಚುವುದು ರೊಟ್ಟಿ ತಟ್ಟುವಾಗ. ಬೆಂದ ಮೇಲೆ ಹಚ್ಚಹೋದರೆ ಅದು ನಿಲ್ಲುವುದಿಲ್ಲ. ಶೇಂಗಾ ಹಿಂಡಿಯನ್ನಾದರೋ ಊಟಕ್ಕೆ ಕುಳಿತ ಮೇಲೆ ಬೇಕಾದಷ್ಟು ಹಾಕಿಕೊಳ್ಳಬಹುದು. ತಂತ್ರಾಂಶದ ಆಯ್ಕೆಗಳಲ್ಲಿಯೂ ಈ ಎರಡು ಬಗೆಗಳಿವೆ. ಅಕ್ಷರದ ಗಾತ್ರ, ಬಣ್ಣ, ಫಾಂಟು ಇವು ಹಿಂಡಿಯಂತೆ, ಬಳಸುವಾಗ ಬದಲಾಯಿಸಬಹುದು. ಅಕ್ಷರಸಂಯೋಜನೆಯ ಬಲವು ಎಳ್ಳಿನಂತೆ, ಕಟ್ಟುವಾಗಲೇ ಸೇರಬೇಕು. ನಮ್ಮ ವಿದ್ಯಾರ್ಥಿನಿ ಫಾಂಟುಗಳನ್ನು ಎಷ್ಟು ಬದಲಾಯಿಸಿದರೂ ಫಲ ಸಿಗದಿದ್ದುದಕ್ಕೆ ಕಾರಣ ಇದೇ.

ಮೂಲ ಬರಹದಲ್ಲಿ ಈ ಆಯ್ಕೆ ಹೇಗೆ ಅಡಗಿರುವುದು? ಸಿ ಭಾಷೆಯ ಬರಹದಲ್ಲಿ ‘ರಕ್ಮ್ ಇದೆಯೆಂದು ಗುರುತು ಮಾಡಿದ್ದರೆ ಮುಂದಿನ ಸಾಲುಗಳನ್ನು ಇಟ್ಟುಕೋ, ಇಲ್ಲವಾದರೆ ಬಿಟ್ಟುಬಿಡು’ ಎಂಬ ಅರ್ಥದ ಸೂಚನೆಗಳಿರುತ್ತವೆ. ಕಂಪೈಲರ್ ತನ್ನ ಕೆಲಸವನ್ನು ಪ್ರಾರಂಭಿಸುವ ಮೊದಲೇ ಈ ಸೂಚನೆಗಳು ಇತ್ಯರ್ಥವಾಗುತ್ತವೆ. ಬಿಟ್ಟ ಸಾಲುಗಳನ್ನು ಕಂಪೈಲರ್ ಕಾಣುವುದೇ ಇಲ್ಲ. ಸಿದ್ಧವಾದ ತಂತ್ರಾಂಶದಲ್ಲಿ ಅವುಗಳ ಕುರುಹೂ ಇರುವುದಿಲ್ಲ.

ಗುರುತು ಮಾಡುವವರು ಯಾರು?

1991ರಲ್ಲಿ ಡೇವಿಡ್ ಮೆಕೆಂಜಿ ಎಂಬವರು ಆಟೋಕಾನ್ಫ್ ಎಂಬ ಸಾಧನವನ್ನು ರಚಿಸಿದರು. ಲಿನಸ್ ಟೊರ್ವಾಲ್ಡ್ಸ್ ತಮ್ಮ ಲಿನಕ್ಸ್ ಕರ್ನೆಲ್ಲನ್ನು ಲೋಕಕ್ಕೆ ತಿಳಿಸಿದುದೂ ಅದೇ ವರ್ಷದಲ್ಲಿ. ಆಟೋಕಾನ್ಫ್ ಸಿದ್ಧಪಡಿಸುವ ‘ಕಾನ್ಫಿಗರ್’ ಎಂಬ ಕಡತ ಮೂಲ ಬರಹದ ಜೊತೆಯಲ್ಲಿಯೇ ಬರುವುದು. ಅದನ್ನು ನಡೆಸಿದರೆ ಅದು ಯಂತ್ರವನ್ನು ತಪಾಸಣೆ ಮಾಡುತ್ತದೆ: ಕಂಪೈಲರ್ ಇದೆಯೆ, ಇಂಥ ಲೈಬ್ರರಿ ಇದೆಯೆ, ಅದನ್ನು ಬಳಸಲು ಬೇಕಾದ ಹೆಡರ್ ಕಡತಗಳಿವೆಯೆ ಎಂದು ಒಂದೊಂದಾಗಿ ಪ್ರಶ್ನಿಸಿ, ಉತ್ತರಗಳನ್ನು ದಾಖಲಿಸಿಕೊಳ್ಳುತ್ತದೆ. ‘ರಕ್ಮ್ ಸಹಿತ’, ‘ಪಾಂಗೋ ರಹಿತ’ ಎಂದು ನಾವೂ ಅದಕ್ಕೆ ಆಜ್ಞಾಪಿಸಬಹುದು. ಅನಂತರ ‘ಮೇಕ್’ ಎಂಬ ಆಜ್ಞೆಯು ಕಂಪೈಲ್ ಕೆಲಸವನ್ನು ಕ್ರಮವಾಗಿ ನಡೆಸುವುದು.

ನಮ್ಮ ಕಥೆಯ ಗುಟ್ಟು ಇಲ್ಲಿಯೇ ಇದೆ. ನಾವು ಏನೂ ಹೇಳದಿದ್ದರೆ ಕಾನ್ಫಿಗರ್ ತನಗೆ ಕಂಡಂತೆ ತೀರ್ಮಾನಿಸುವುದು. ಲೈಬ್ರರಿ ಕಂಡರೆ ಸೇರಿಸುವುದು. ಕಾಣದಿದ್ದರೆ ಸದ್ದಿಲ್ಲದೆ ಬಿಟ್ಟು ಮುಂದೆ ಸಾಗುವುದು. ಪ್ರಯೋಗಶಾಲೆಯ ಯಂತ್ರಕ್ಕೆ ಬಂದ ಸಿದ್ಧ ಪ್ಯಾಕೇಜನ್ನು ಕಟ್ಟಿದವರ ಬಳಿ ರಕ್ಮ್ ಇತ್ತು. ಮನೆಯ ಯಂತ್ರದಲ್ಲಿ ವಿದ್ಯಾರ್ಥಿನಿ ಮೂಲ ಬರಹದಿಂದ ತಾನೇ ಕಟ್ಟಿಕೊಂಡಿದ್ದಳು. ಅಲ್ಲಿ ರಕ್ಮ್ ಇರಲಿಲ್ಲ. ಒಂದೇ ಬರಹ, ಒಂದೇ ಆವೃತ್ತಿ. ಹುಟ್ಟಿದವು ಮಾತ್ರ ಎರಡು ಬೇರೆ ಬೇರೆ ತಂತ್ರಾಂಶಗಳು.

ಈ ಅನಿಶ್ಚಯವನ್ನು ನೀಗಿಸಲು ಜೆಂಟೂ ಎಂಬ ಲಿನಕ್ಸ್ ವಿತರಣೆಯು ಒಳ್ಳೆಯ ಉಪಾಯವನ್ನು ರೂಢಿಸಿತು. ಡೇನಿಯಲ್ ರಾಬಿನ್ಸ್ ಪ್ರಾರಂಭಿಸಿದ ಈ ವಿತರಣೆಯ ಮೊದಲ ಪೂರ್ಣ ಆವೃತ್ತಿ 2002ರಲ್ಲಿ ಹೊರಬಂದಿತು. ನೀರಿನಲ್ಲಿ ಅತ್ಯಂತ ವೇಗವಾಗಿ ಈಜುವ ಪೆಂಗ್ವಿನ್ನಿನ ಹೆಸರು ಅದಕ್ಕೆ. ಎಲ್ಲ ತಂತ್ರಾಂಶವನ್ನೂ ಬಳಸುವವನ ಯಂತ್ರದಲ್ಲಿಯೇ ಕಂಪೈಲ್ ಮಾಡುವುದು ಅದರ ಪದ್ಧತಿ. 2023ರ ಡಿಸೆಂಬರಿನಿಂದ ಸಿದ್ಧ ಪ್ಯಾಕೇಜುಗಳನ್ನೂ ಬಹಳವಾಗಿ ಒದಗಿಸುತ್ತಿದೆ. ಅಲ್ಲಿ ಪ್ರತಿಯೊಂದು ಐಚ್ಛಿಕ ಸೌಲಭ್ಯಕ್ಕೂ ‘ಯೂಸ್ ಫ್ಲ್ಯಾಗ್’ ಎಂಬ ಒಂದು ಗುರುತುಪದವಿರುವುದು. ‘ಪಾಂಗೋ’ ಎಂದು ಬರೆದರೆ ಬೇಕು. ಹಿಂದೆ ಋಣಚಿಹ್ನೆ ಇಟ್ಟು ಬರೆದರೆ ಬೇಡ. ಇಡೀ ಯಂತ್ರಕ್ಕೆ ಅನ್ವಯಿಸುವಂತೆ ಒಂದು ಕಡತದಲ್ಲಿ, ಒಂದೊಂದು ಪ್ಯಾಕೇಜಿಗೆ ಬೇರೆಯಾಗಿ ಇನ್ನೊಂದು ಕಡತದಲ್ಲಿ ಇವನ್ನು ಬರೆದಿಡಬಹುದು. ಯಾವ ಭಾಷೆಗಳ ಅನುವಾದ ಬೇಕೆಂಬುದನ್ನು ತಿಳಿಸಲು ಬೇರೊಂದು ಪಟ್ಟಿಯೂ ಇದೆ. ಕನ್ನಡವನ್ನು ಅದರಲ್ಲಿ ಸೇರಿಸಬಹುದು. ಬೇಕೆಂದ ಸೌಲಭ್ಯಕ್ಕೆ ಅಗತ್ಯವಾದ ಲೈಬ್ರರಿಗಳನ್ನು ವ್ಯವಸ್ಥೆಯೇ ಮೊದಲು ತಂದು ಕಟ್ಟುವುದು. ಆಯ್ಕೆಯು ಯಂತ್ರದ ಊಹೆಗೆ ಬಿಡದೆ ಬರಹಕ್ಕೆ ಇಳಿದುದೇ ಇದರ ಹೆಚ್ಚುಗಾರಿಕೆ.

ಬೀಜವೃಕ್ಷ ನ್ಯಾಯ

ಅಕ್ಷರಗಳ ಆಕಾರವನ್ನು ಚುಕ್ಕೆಗಳಾಗಿ ಮೂಡಿಸುವ ಲೈಬ್ರರಿಯ ಹೆಸರು ಫ್ರೀಟೈಪ್. ಹಾರ್ಫ್‌ಬಜ್ ಅದರ ನೆರವನ್ನು ಪಡೆಯಬಲ್ಲದು. ಫ್ರೀಟೈಪಿಗೂ ಹಾರ್ಫ್‌ಬಜ್‌ನ ನೆರವು ಒಂದು ಐಚ್ಛಿಕ ಸೌಲಭ್ಯ. ಎರಡರಲ್ಲಿಯೂ ಪರಸ್ಪರ ನೆರವು ಬೇಕೆಂದರೆ ಯಾವುದನ್ನು ಮೊದಲು ಕಟ್ಟುವುದು? ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆ ಇದು. ಪರಿಹಾರವು ಐಚ್ಛಿಕತೆಯಲ್ಲಿಯೇ ಇದೆ. ಮೊದಲು ಹಾರ್ಫ್‌ಬಜ್ ಬೇಡವೆಂದು ಫ್ರೀಟೈಪನ್ನು ಕಟ್ಟಬೇಕು. ಅದರ ಮೇಲೆ ಹಾರ್ಫ್‌ಬಜ್ ಅನ್ನು ಕಟ್ಟಬೇಕು. ಅನಂತರ ಹಾರ್ಫ್‌ಬಜ್ ಬೇಕೆಂದು ಫ್ರೀಟೈಪನ್ನು ಎರಡನೆಯ ಸಲ ಕಟ್ಟಬೇಕು. ತತ್ತ್ವಶಾಸ್ತ್ರಜ್ಞರನ್ನು ಕಾಡಿದ ತೊಡಕನ್ನು ತಂತ್ರಜ್ಞರು ಮೂರು ಹೆಜ್ಜೆಗಳಲ್ಲಿ ದಾಟುವರು.

ಎಲ್ಲವೂ ಇರಲಿ ಎಂದರೇನು ತಪ್ಪು?

ಇಷ್ಟನ್ನು ಓದಿದ ಮೇಲೆ, ಆಯ್ಕೆಯ ಗೋಜೇ ಬೇಡ, ಎಲ್ಲ ಸೌಲಭ್ಯಗಳನ್ನೂ ಸೇರಿಸಿಬಿಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು ವೆಚ್ಚ. ಪ್ರತಿಯೊಂದು ಸೌಲಭ್ಯವೂ ತನ್ನ ಲೈಬ್ರರಿಗಳನ್ನು, ಆ ಲೈಬ್ರರಿಗಳು ತಮ್ಮ ಲೈಬ್ರರಿಗಳನ್ನು ಎಳೆದುಕೊಂಡು ಬರುವುವು. ಸಣ್ಣ ಯಂತ್ರದಲ್ಲಿ ಜಾಗವೂ ಕಂಪೈಲ್ ಮಾಡುವ ಸಮಯವೂ ಬೆಳೆಯುತ್ತ ಹೋಗುವುದು. ದೊಡ್ಡ ತಂತ್ರಾಂಶಗಳನ್ನು ಕಟ್ಟಲು ಹಳೆಯ ಯಂತ್ರಕ್ಕೆ ಹಲವು ಗಂಟೆಗಳು ಬೇಕು. ನಡುವೆ ವಿದ್ಯುತ್ತು ಹೋದರೆ ಪಟ್ಟ ಶ್ರಮದಲ್ಲಿ ಬಹುಭಾಗ ವ್ಯರ್ಥವಾಗಬಹುದು.

ಎರಡನೆಯದು ಅಪಾಯ. ಮನೆಗೆ ಬಾಗಿಲು ಹೆಚ್ಚಿದಷ್ಟೂ ಕಾವಲು ಹೆಚ್ಚಬೇಕು. ಅಂತರಜಾಲದ ಗುಟ್ಟಿನ ವ್ಯವಹಾರಗಳನ್ನು ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ಒಂದು ಭಾರಿ ದೋಷವು 2014ರ ಏಪ್ರಿಲ್ 7ರಂದು ಬಯಲಾಯಿತು. ‘ಹಾರ್ಟ್‌ಬ್ಲೀಡ್’ ಎಂದು ಅದು ಪ್ರಸಿದ್ಧವಾಗಿದೆ. ಸಂಪರ್ಕ ಜೀವಂತವಾಗಿದೆಯೇ ಎಂದು ನಾಡಿ ಹಿಡಿದು ನೋಡುವ ‘ಹಾರ್ಟ್‌ಬೀಟ್’ ಎಂಬ ಸೌಲಭ್ಯದಲ್ಲಿ ದೋಷವಿತ್ತು. ಅದರ ಮೂಲಕ ಒಂದು ಸಲಕ್ಕೆ 64 ಕಿಲೋಬೈಟುಗಳಷ್ಟು ಸ್ಮೃತಿಯನ್ನು ಹೊರಗಿನವರು ಕದ್ದು ಓದಬಹುದಾಗಿತ್ತು. ಅನೇಕ ಯಂತ್ರಗಳಿಗೆ ಆ ಸೌಲಭ್ಯದ ಉಪಯೋಗವೇ ಇರಲಿಲ್ಲ. ಆದರೂ ಅದು ತಾನಾಗಿಯೇ ಸೇರಿಕೊಂಡಿತ್ತು. ಹೊಸ ಆವೃತ್ತಿಗೆ ತಕ್ಷಣ ಬದಲಾಯಿಸಲಾಗದವರಿಗೆ ರಚನಕಾರರು ಕೊಟ್ಟ ಸಲಹೆಯೇನು? ಹಾರ್ಟ್‌ಬೀಟ್ ಬೇಡವೆಂಬ ಗುರುತು ಮಾಡಿ ಮತ್ತೊಮ್ಮೆ ಕಂಪೈಲ್ ಮಾಡಿರಿ ಎಂದು!

ಹತ್ತು ವರ್ಷಗಳ ಬಳಿಕ, 2024ರ ಮಾರ್ಚ್ 29ರಂದು, ಇನ್ನೊಂದು ಎಚ್ಚರಿಕೆ ಬಂದಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಾಧನದೊಳಗೆ ಯಾರೋ ಕಳ್ಳಬಾಗಿಲನ್ನು ಇರಿಸಿದ್ದರು. ದೂರದಿಂದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಗಮನಿಸಿ, ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಅದನ್ನು ಪತ್ತೆಹಚ್ಚಿದರು. ಪ್ರವೇಶವನ್ನು ಕಾಯುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶಕ್ಕೂ ಎಕ್ಸ್‌ಝಡ್‌ಗೂ ನೇರವಾದ ಸಂಬಂಧವೇ ಇಲ್ಲ. ಕೆಲವು ವಿತರಣೆಗಳು ಒಂದು ಸಣ್ಣ ಅನುಕೂಲಕ್ಕಾಗಿ ಅದಕ್ಕೆ ಹೆಚ್ಚಿನ ಲೈಬ್ರರಿಯೊಂದನ್ನು ಜೋಡಿಸಿದ್ದುವು. ಆ ಲೈಬ್ರರಿಯ ಬೆನ್ನು ಹಿಡಿದು ಎಕ್ಸ್‌ಝಡ್ ಒಳಗೆ ಬಂದಿತ್ತು.

ಮೂರನೆಯದು ಗಣಿತ. ಒಂದು ಸೌಲಭ್ಯಕ್ಕೆ ಬೇಕು, ಬೇಡ ಎಂಬ ಎರಡು ಸ್ಥಿತಿಗಳು. ಹತ್ತು ಸೌಲಭ್ಯಗಳಾದರೆ ಎರಡನ್ನು ಹತ್ತು ಸಲ ಗುಣಿಸಿದಷ್ಟು, ಎಂದರೆ 1,024 ಬಗೆಗಳು, ಇಪ್ಪತ್ತಾದರೆ 10,48,576, ಮೂವತ್ತಮೂರಾದರೆ 858,99,34,592. ಭೂಮಿಯ ಮೇಲಿರುವ ಒಬ್ಬೊಬ್ಬ ಮನುಷ್ಯನಿಗೂ ಬೇರೆ ಬೇರೆಯಾದ ಒಂದೊಂದನ್ನು ಹಂಚಿದರೂ ಇನ್ನೂ ಉಳಿಯುವುದು. ಲಿನಕ್ಸ್ ಕರ್ನೆಲ್ಲಿನಲ್ಲಾದರೋ ಇಂಥ ಆಯ್ಕೆಗಳು ಹತ್ತು ಸಾವಿರಕ್ಕೂ ಹೆಚ್ಚಾಗಿವೆ. ಇವನ್ನೆಲ್ಲ ಪರೀಕ್ಷಿಸುವುದು ಯಾರಿಂದಲೂ ಸಾಧ್ಯವಿಲ್ಲ. ರಚನಕಾರರು ಬಹುಜನ ಬಳಸುವ ಕೆಲವು ಬಗೆಗಳನ್ನು ಮಾತ್ರ ಪರೀಕ್ಷಿಸುವರು. ಆದುದರಿಂದ ಎಲ್ಲವನ್ನೂ ಸೇರಿಸುವವನೂ ಎಲ್ಲವನ್ನೂ ಕಿತ್ತುಹಾಕುವವನೂ ಜನ ನಡೆಯದ ದಾರಿಯಲ್ಲಿ ನಡೆಯುವವರೇ. ಕಾರಣವಿದ್ದಲ್ಲಿ ಮಾತ್ರ ಬದಲಾಯಿಸುವುದು ಜಾಣತನ.

ಚೀಟಿ ಸರಿಯಾದ ಬಗೆ

ಇನ್ನು ವಿದ್ಯಾರ್ಥಿನಿಯ ಚೀಟಿಗೆ ಹಿಂತಿರುಗೋಣ. ಅವಳು ಮಾಡಬೇಕಾದ ಮೊದಲ ಕೆಲಸ, ‘ನಿನ್ನೊಳಗೆ ಏನೇನಿದೆ?’ ಎಂದು ತಂತ್ರಾಂಶವನ್ನೇ ಕೇಳುವುದು. ಇಮೇಜ್‌ಮ್ಯಾಜಿಕ್‌ನ ಆವೃತ್ತಿಯನ್ನು ವಿಚಾರಿಸಿದರೆ, ಕಟ್ಟುವಾಗ ಸೇರಿಸಿದ ಲೈಬ್ರರಿಗಳ ಪಟ್ಟಿಯನ್ನೂ ಅದು ಕೊಡುವುದು. ಎರಡು ಯಂತ್ರಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದರಲ್ಲಿ ರಕ್ಮ್ ಇರುವುದು, ಇನ್ನೊಂದರಲ್ಲಿ ಇಲ್ಲದಿರುವುದು ಕಣ್ಣಿಗೆ ಬೀಳುವುದು. ಎರಡನೆಯ ಕೆಲಸ, ರಕ್ಮ್ ಲೈಬ್ರರಿಯನ್ನೂ ಅದರ ಹೆಡರ್ ಕಡತಗಳನ್ನೂ ಯಂತ್ರಕ್ಕೆ ತರುವುದು. ಲೈಬ್ರರಿ ಇದ್ದು ಹೆಡರ್ ಇಲ್ಲದಿದ್ದರೆ ಕಾನ್ಫಿಗರ್‌ನ ಪಾಲಿಗೆ ಅದು ಇಲ್ಲದಂತೆಯೇ. ಅನೇಕರು ಎಡವುವುದು ಇಲ್ಲಿ. ಮೂರನೆಯದು, ಕಾನ್ಫಿಗರ್ ಅನ್ನು ಮತ್ತೆ ನಡೆಸಿ ಅದು ಕೊನೆಯಲ್ಲಿ ಕೊಡುವ ಕೋಷ್ಟಕವನ್ನು ತಾಳ್ಮೆಯಿಂದ ಓದುವುದು. ಅದರಲ್ಲಿ ನಾವು ಕೇಳಿದ್ದು ಒಂದು ಕಡೆ, ದೊರೆತದ್ದು ಇನ್ನೊಂದು ಕಡೆ ಇರುವುದು. ಕೇಳಿದ್ದು ‘ಹೌದು’, ದೊರೆತದ್ದು ‘ಇಲ್ಲ’ ಎಂದಿದ್ದರೆ ಅಲ್ಲಿಯೇ ನಿಲ್ಲಬೇಕು. ಎರಡೂ ‘ಹೌದು’ ಆದ ಮೇಲೆ ಮೇಕ್ ನಡೆಸಿ, ಹೊಸ ತಂತ್ರಾಂಶವನ್ನು ಸ್ಥಾಪಿಸಿ, ‘ಹಣ್ಣು’, ‘ಕರ್ನಾಟಕ’ ಎಂಬ ಎರಡು ಮಾತುಗಳನ್ನು ಮುದ್ರಿಸಿ ಪರೀಕ್ಷಿಸಬೇಕು. ಒತ್ತೂ ಅರ್ಕಾವತ್ತೂ ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತರೆ ಚೀಟಿ ಸಿದ್ಧ.

ಎಲ್ಲರೂ ತಂತ್ರಾಂಶವನ್ನು ತಾವೇ ಕಟ್ಟಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಸಿದ್ಧ ಪ್ಯಾಕೇಜುಗಳಿಂದ ಬಹುಜನರ ಕೆಲಸ ಚೆನ್ನಾಗಿಯೇ ನಡೆಯುವುದು. ಆದರೆ ಸಿದ್ಧ ಪ್ಯಾಕೇಜೆಂದರೆ ಆಯ್ಕೆಗಳಿಲ್ಲದ ಪ್ಯಾಕೇಜಲ್ಲ. ಬೇರೊಬ್ಬರು ನಮಗಾಗಿ ಆಯ್ಕೆ ಮಾಡಿಟ್ಟ ಪ್ಯಾಕೇಜು. ಆ ಬೇರೊಬ್ಬರು ಬಹು ದೂರದಲ್ಲಿರಬಹುದು. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಮುದ್ರಿಸಿ ನೋಡಿ, ಎಲ್ಲವೂ ಸರಿಯಾಗಿದೆಯೆಂದು ಅವರು ತೃಪ್ತರಾಗಬಹುದು. ಅವರಿಗೆ ಅಕ್ಷರಸಂಯೋಜನೆ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎಂಬಂಥ ಐಚ್ಛಿಕ ಸೌಲಭ್ಯ. ನಮಗೆ ಅದಿಲ್ಲದೆ ನಮ್ಮ ಊರಿನ ಹಣ್ಣಿನ ಹೆಸರನ್ನೂ ನಾಡಿನ ಹೆಸರನ್ನೂ ನೆಟ್ಟಗೆ ಬರೆಯಲಾಗದು. ಇದರಲ್ಲಿ ಅವರ ದ್ವೇಷವೇನೂ ಇಲ್ಲ. ತಿಳಿವಳಿಕೆಯ ಕೊರತೆ ಮಾತ್ರ. ಆ ಕೊರತೆಯನ್ನು ತುಂಬಬಲ್ಲವರು ಕನ್ನಡವನ್ನು ಓದಬಲ್ಲವರೇ.

ಆದುದರಿಂದ ಯಂತ್ರದಲ್ಲಿ ಕನ್ನಡ ಒಡೆದು ಕಂಡಾಗ, ‘ಕನ್ನಡಕ್ಕೆ ಇದು ಒಗ್ಗದು’ ಎಂದು ಕೈಚೆಲ್ಲಿ ಕುಳಿತುಕೊಳ್ಳಬಾರದು. ಯಾವ ಸೌಲಭ್ಯ ಬಿಟ್ಟುಹೋಗಿದೆ ಎಂದು ಹುಡುಕಬೇಕು; ಕಂಡುದನ್ನು ತಂತ್ರಾಂಶ ಕಟ್ಟುವವರಿಗೆ ಉದಾಹರಣೆಸಹಿತ ಬರೆದು ತಿಳಿಸಬೇಕು. ಮೂಲ ಬರಹವು ಎಲ್ಲರ ಮುಂದೆ ತೆರೆದಿರುವಾಗ ಅದನ್ನು ಓದಲೂ ತಿದ್ದಲೂ ಕಲಬುರಗಿಯ ವಿದ್ಯಾರ್ಥಿಗೆ ಇರುವ ಹಕ್ಕು ಹೆಲ್ಸಿಂಕಿಯ ವಿದ್ಯಾರ್ಥಿಗೆ ಇರುವುದಕ್ಕಿಂತ ಕಡಮೆಯದಲ್ಲ. ಮುಂದಿನ ಸಲ ಕಮಲಾಪುರದ ಬುಟ್ಟಿಯ ಮೇಲೆ ‘ಹಣ್ಣು’ ಎಂಬ ಮಾತನ್ನು ಕಂಡಾಗ, ಣಕಾರದ ಕೆಳಗಿರುವ ಆ ಪುಟ್ಟ ಒತ್ತನ್ನು ಒಂದು ಗಳಿಗೆ ನೋಡಿರಿ. ಅದು ಅಲ್ಲಿರಲೆಂದು ಯಾರೋ ಒಬ್ಬರು ‘ಬೇಕು’ ಎಂದು ಗುರುತು ಮಾಡಿದ್ದಾರೆ.